ಡಿಶ್ ಕರೆನ್ಸಿ ಮುಗಿದ ಮೇಲೆ ಬಾಕ್ಸ್ ಯಾರದು?

ಗುಬ್ಬಿ ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಾನು ಕೆಲಸಕ್ಕೆ ಅಂತ ತುಮಕೂರಿನಲ್ಲಿದ್ದೇನೆ. ಹೋದ ವರ್ಷ ಅಮ್ಮನಿಗೆ ಹೊಸ ಡಿಶ್ ಹಾಕಿಸಿ, ಒಂದು ವರ್ಷದ ಪ್ಯಾಕ್ ಒಟ್ಟಿಗೇ ಕಟ್ಟಿದ್ದೆ. ಹೋದ ಸೋಮವಾರ ವರ್ಷ ಮುಗಿಯಿತು. ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ನಿಂತಿದೆ. "ಟಿವಿ ಕೆಟ್ಟೋಯ್ತು ಕಣಪ್ಪ" ಅಂತ ಅಮ್ಮ ಫೋನ್ ಮಾಡಿದರು.

ಹಾಕಿಸಿದ ಅಂಗಡಿಗೆ ಹೋಗಿ ಕೇಳಿದೆ. ಮತ್ತೆ ವರ್ಷದ ಪ್ಯಾಕೇ ಹಾಕಿಸಬೇಕಂತೆ. ಬೇಡ ಅಂದರೆ ಡಿಶ್, ಟಿವಿಗೆ ಜೋಡಿಸುವ ಸೆಟ್‌ಟಾಪ್ ಬಾಕ್ಸ್ ಎರಡೂ ವಾಪಸ್ ಕೊಡಬೇಕಂತೆ, ಅದು ಕಂಪನಿಯದಂತೆ. ಆದರೆ ಹಾಕಿಸುವಾಗ ಬಾಕ್ಸಿಗೆ ಅಂತಲೇ ಬೇರೆ ದುಡ್ಡು ಕೊಟ್ಟ ನೆನಪು ನನಗಿದೆ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಹೊಸ ಆಫರ್ ಹೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಇಲ್ಲ. ಹೇಳಿ, ಅವಧಿ ಮುಗಿದ ಮೇಲೆ ಈ ಸಾಮಾನು ಯಾರದು? ಅಮ್ಮನಿಗೆ ಮುಂದೆ ಏನು ಮಾಡಿಕೊಡಲಿ?

ಸಿರಾಗೇಟ್ ಮೇಷ್ಟ್ರು:
ಮೊದಲು ಹಾಕಿಸಿದ ದಿನ ಕೊಟ್ಟ ಬಿಲ್ಲು ಹುಡುಕಿ. ಉಳಿದದ್ದೆಲ್ಲ ಆಮೇಲೆ. 2017ರಲ್ಲಿ ಟ್ರಾಯ್ (ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ) ಮಾಡಿದ ನಿಯಮದ ಪ್ರಕಾರ ಬಾಕ್ಸನ್ನು ಯಾವ ರೀತಿ ಕೊಡುತ್ತಿದ್ದೇವೆ ಅಂತ ಗ್ರಾಹಕನಿಗೆ ಮೊದಲೇ ತಿಳಿಸಬೇಕು. ಪೂರ್ತಿ ಮಾರಿದ್ದರೆ ಅದು ನಿಮ್ಮದು, ಪ್ಯಾಕ್ ಮುಗಿದರೂ ನಿಮ್ಮದೇ. ಬಾಡಿಗೆಗೆ ಕೊಟ್ಟಿದ್ದರೆ ಅವರದು. ಆಗ ನೀವು ಠೇವಣಿ ಇಟ್ಟಿದ್ದರೆ, ಬಾಕ್ಸ್ ಹಿಂದಿರುಗಿಸಿದಾಗ ಅದನ್ನು ಅವರು ವಾಪಸ್ ಕೊಡಬೇಕು. ಬಾಯಿಮಾತಿನಲ್ಲಿ ಅಂಗಡಿಯವರು ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಬಿಲ್ಲಿನಲ್ಲಿ ಏನಿದೆಯೋ ಅದೇ.

ಮಧುಗಿರಿ ಅಕ್ಕ:
ಮೇಷ್ಟ್ರೇ, ಕಾನೂನು ಸರಿ. ಆದರೆ ಆ ತಾಯಿ ಎಷ್ಟು ದಿನ ಗೋಡೆ ನೋಡಿಕೊಂಡು ಕೂರಬೇಕು? ನಮ್ಮತ್ತೆಯೂ ಒಬ್ಬರೇ ಇದ್ದರು. ಸಂಜೆ ಏಳು ಗಂಟೆ ಆದರೆ ಟಿವಿ ಸದ್ದೇ ಅವರಿಗೆ ಜೊತೆ. ತಮ್ಮಾ, ಬಿಲ್ಲು ಹುಡುಕುವುದು ನಾಳೆ ಆಗಲಿ. ಇವತ್ತು ಒಂದು ತಿಂಗಳಿಗೆ ಕರೆನ್ಸಿ ಹಾಕಿಸಿಬಿಡು. ವರ್ಷದ್ದೇ ಹಾಕಿಸಬೇಕು ಅನ್ನೋ ಮಾತು ಕೇಳಬೇಡ. ಕಂಪನಿ ಆ್ಯಪ್‌ನಲ್ಲಿ ನೋಡು, ತಿಂಗಳಿನದೂ ಇರುತ್ತದೆ.

ಮಂಡಿಪೇಟೆ ರೀಚಾರ್ಜ್:
ನಾನೂ ಇದೇ ವ್ಯಾಪಾರದಲ್ಲಿದ್ದವನು, ಅದಕ್ಕೆ ಹೇಳುತ್ತೇನೆ. ಅಂಗಡಿಯವರನ್ನೇ ಕಳ್ಳರು ಅನ್ನಬೇಡಿ. ಬಾಕ್ಸಿನ ನಿಜವಾದ ಬೆಲೆಯನ್ನು ಗಿರಾಕಿ ಹತ್ತಿರ ಯಾವ ಕಂಪನಿಯೂ ತೆಗೆದುಕೊಳ್ಳುತ್ತಿರಲಿಲ್ಲ. ಅರ್ಧ ಬೆಲೆಗೆ ಕೊಟ್ಟು, ಮುಂದೆ ತಿಂಗಳು ತಿಂಗಳು ಬರುವ ದುಡ್ಡಿನಲ್ಲಿ ಸರಿದೂಗಿಸಿಕೊಳ್ಳುತ್ತಿದ್ದರು. ಗಿರಾಕಿ ಒಂದೇ ವರ್ಷಕ್ಕೆ ಬಿಟ್ಟು ಹೋದರೆ ನಷ್ಟ ಅವರದು. ಹಾಗಾಗಿ ಬಾಕ್ಸ್ ತಮ್ಮ ಕಂಪನಿಗೆ ಮಾತ್ರ ಕೆಲಸ ಮಾಡುವ ಹಾಗೆ ಬೀಗ ಹಾಕಿಟ್ಟುಕೊಳ್ಳುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಸಿರಾಗೇಟ್ ಮೇಷ್ಟ್ರು:
ಒಪ್ಪುತ್ತೇನೆ ಸಾರ್, ಅವರಿಗೆ ಖರ್ಚಿದೆ. ಹಾಗಿದ್ದರೆ ಬಾಡಿಗೆ ಅಂತ ಬರೆದು ಕೊಡಲಿ. ಕೊಡುವಾಗ "ಇದು ನಿಮ್ಮದು" ಅಂತ ಹೇಳಿ, ಬಿಡುವಾಗ "ಇದು ನಮ್ಮದು" ಅಂದರೆ ಹೇಗೆ? ಎರಡೂ ಕಡೆಯಿಂದ ದುಡ್ಡು ಹೋಗುವುದು ಗಿರಾಕಿಯದೇ ಅಲ್ವಾ?

ತಿಪಟೂರು ಡಿಶ್ ಕೆಲಸ:
ನಾನು ಹದಿನೈದು ವರ್ಷದಿಂದ ಡಿಶ್ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಡಿಶ್ ಬೇರೆ, ಬಾಕ್ಸ್ ಬೇರೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಮನೆ ಮೇಲಿನ ತಟ್ಟೆ, ಅದರ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿ ಅನ್ನುವ ಸಣ್ಣ ಉಪಕರಣ, ಕೆಳಗೆ ಇಳಿದು ಬರುವ ವೈರು, ಇವಿಷ್ಟಕ್ಕೆ ಯಾವ ಕಂಪನಿಯ ಹಂಗೂ ಇಲ್ಲ. ತಟ್ಟೆ ಕೆಲಸ ಸಿಗ್ನಲ್ ಹಿಡಿಯುವುದು, ಅಷ್ಟೇ. ಬೀಗ ಇರುವುದು ಬಾಕ್ಸಿನಲ್ಲಿ. ಕಂಪನಿ ಚಾನೆಲ್‌ಗಳನ್ನು ಗುಟ್ಟಿನ ರೂಪದಲ್ಲಿ ಕಳಿಸುತ್ತದೆ. ಬಾಕ್ಸಿನೊಳಗಿನ ಕಾರ್ಡೋ ಚಿಪ್ಪೋ ಅದನ್ನು ಬಿಡಿಸಿ ಚಿತ್ರ ಮಾಡುತ್ತದೆ. ಕರೆನ್ಸಿ ಮುಗಿದ ದಿನ ಕಂಪನಿಯಿಂದ ಆ ಕಾರ್ಡಿಗೆ ಒಂದು ಆದೇಶ ಬರುತ್ತದೆ, ಅದೂ ಉಪಗ್ರಹದ ದಾರಿಯಲ್ಲೇ. ಕಾರ್ಡು ಸುಮ್ಮನಾಗುತ್ತದೆ. ಯಾವ ಸಾಮಾನೂ ಕೆಟ್ಟಿರುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿ, ಪಾಪ ಟಿವಿ ಕೆಟ್ಟಿದೆ ಅಂತ ಗಾಬರಿ ಆಗಿರುತ್ತಾರೆ.

ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೆ ಬರುವುದಿಲ್ಲ. ಫೋನ್ ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸುವುದು 2011ರ ಜನವರಿಯಲ್ಲೇ ದೇಶಕ್ಕೆಲ್ಲ ಬಂತು. ಬಾಕ್ಸಿಗೂ ಹಾಗೇ ಮಾಡಿ ಅಂತ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಕೊಟ್ಟಿತು. ನನ್ನ ಮನೆ ಅಟ್ಟದ ಮೇಲೆ ಜನ ಬಿಟ್ಟು ಹೋದ ಬಾಕ್ಸ್ ಮೂಟೆಗಟ್ಟಲೆ ಬಿದ್ದಿವೆ. ಒಳಗೆಲ್ಲ ಚೆನ್ನಾಗಿವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕುಣಿಗಲ್ ಫೈಬರ್:
ಇಷ್ಟೆಲ್ಲ ತಲೆನೋವು ಯಾಕೆ ಅಣ್ಣ? ಡಿಶ್ ಬಿಟ್ಟುಬಿಡಿ. ಮನೆಗೊಂದು ಇಂಟರ್ನೆಟ್ ಹಾಕಿಸಿ, ಫೋನಲ್ಲೇ ಎಲ್ಲ ಚಾನೆಲ್ ಬರುತ್ತವೆ. ನಮ್ಮನೆಯಲ್ಲಿ ಡಿಶ್ ತೆಗೆದು ಎರಡು ವರ್ಷ ಆಯಿತು.

ಮಧುಗಿರಿ ಅಕ್ಕ:
ತಮ್ಮಾ, ಹೆದ್ದಾರಿ ಪಕ್ಕದ ಊರಿಗೂ ತೋಟದ ಮನೆಗೂ ವ್ಯತ್ಯಾಸ ಇದೆ. ನಮ್ಮ ಬೆಟ್ಟದ ಹಿಂದಿನ ಹಳ್ಳಿಗಳಲ್ಲಿ ಫೋನ್ ಸಿಗ್ನಲ್‌ಗೆ ಮಾಳಿಗೆ ಹತ್ತಬೇಕು. ಮತ್ತೆ, ಎಪ್ಪತ್ತು ದಾಟಿದವರಿಗೆ ರಿಮೋಟಿನ ಎರಡು ಬಟನ್ ಗೊತ್ತಿದ್ದರೆ ಜಾಸ್ತಿ. ಅವರ ಬೆರಳಿಗೆ ಅಭ್ಯಾಸ ಆಗಿರುವ ನಂಬರ್ ಒತ್ತಿದರೆ ಅವರ ಧಾರಾವಾಹಿ ಬರಬೇಕು. ಅಷ್ಟೇ ಅವರು ಕೇಳುವುದು.

ಕುಣಿಗಲ್ ಫೈಬರ್:
ಹೌದಕ್ಕ, ಅದು ನನಗೆ ಹೊಳೆಯಲಿಲ್ಲ. ನಮ್ಮಜ್ಜಿಗೂ ನಾನೇ ಹಾಕಿಕೊಡುತ್ತೇನೆ ದಿನಾ.

ಚಿ.ನಾ.ಹಳ್ಳಿ ಓದುಗ:
ಫ್ರೀ ಡಿಶ್ ಯಾಕೆ ಯಾರೂ ಹೇಳುತ್ತಿಲ್ಲ? ದೂರದರ್ಶನದ್ದು, 2004ರ ಡಿಸೆಂಬರ್‌ನಿಂದ ಇದೆ. ಬಾಕ್ಸ್ ಒಂದು ಸಲ ಕೊಂಡರೆ ಆಯಿತು, ತಿಂಗಳ ದುಡ್ಡು ಅಂತ ಇಲ್ಲವೇ ಇಲ್ಲ. ಅವಧಿ ಮುಗಿಯುವುದು ಅನ್ನುವ ಮಾತೇ ಇಲ್ಲ. ಚಂದನ ಬರುತ್ತದೆ. ಬೆಳಿಗ್ಗೆ ಹಾಡು, ಸಂಜೆ ವಾರ್ತೆ, ಕೃಷಿ ಕಾರ್ಯಕ್ರಮ. ನಮ್ಮ ತಂದೆಗೆ ಅದೇ ಸಾಕಾಗಿದೆ.

ತಿಪಟೂರು ಡಿಶ್ ಕೆಲಸ:
ಒಳ್ಳೇ ಮಾತು, ಆದರೆ ಗೊತ್ತಿದ್ದು ಹಾಕಿಸಿ. ಅದರಲ್ಲಿ ಹಿಂದಿ ಚಾನೆಲ್‌ಗಳೇ ಜಾಸ್ತಿ. ದುಡ್ಡು ಕೊಟ್ಟು ನೋಡುವ ದೊಡ್ಡ ಕನ್ನಡ ಮನರಂಜನೆ ಚಾನೆಲ್‌ಗಳ ಧಾರಾವಾಹಿ ಅಲ್ಲಿ ಸಿಗುತ್ತವೆ ಅಂದುಕೊಂಡು ಹಾಕಿಸಿದವರು ಆಮೇಲೆ ನನ್ನನ್ನೇ ಬೈದಿದ್ದಾರೆ.

ಹಳೇ ತಟ್ಟೆಯನ್ನೇ ಸಾಮಾನ್ಯವಾಗಿ ಬಳಸಬಹುದು, ತಿರುಗಿಸಬೇಕು ಅಷ್ಟೇ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕಿದೆ. ಬೇರೆ ಕಂಪನಿಗಳಲ್ಲಿ ಹೆಚ್ಚಿನವು ಬೇರೆ ಬೇರೆ ಜಾಗದ ಉಪಗ್ರಹ ಬಳಸುತ್ತವೆ. ನಮ್ಮ ಜಿಲ್ಲೆಯಿಂದ ನೋಡಿದರೆ ಎಲ್ಲವೂ ಆಗ್ನೇಯದ ಕಡೆಗೇ ಬರುತ್ತವೆ, ಆದರೆ ನಾಲ್ಕು ಬೆರಳು ಆಚೀಚೆ ಆದರೂ ಸಿಗ್ನಲ್ ಇಲ್ಲ. 2010ರ ಜುಲೈನಲ್ಲಿ ಟಿವಿ ಚಾನೆಲ್ ಕಳಿಸುತ್ತಿದ್ದ ಇನ್ಸಾಟ್-4ಬಿ ಉಪಗ್ರಹದಲ್ಲಿ ವಿದ್ಯುತ್ ತೊಂದರೆ ಆಗಿ, ಸಿಗ್ನಲ್ ಕಳಿಸುವ ಟ್ರಾನ್ಸ್‌ಪಾಂಡರ್‌ಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಬೇಕಾಯಿತು. ಆಗ ನನ್ನ ಗುರುಗಳು ಊರೂರು ಸುತ್ತಿ ಡಿಶ್ ತಿರುಗಿಸಿದ್ದನ್ನು ಈಗಲೂ ಹೇಳುತ್ತಿರುತ್ತಾರೆ. ಇಸ್ರೋದ ಈ ಉಪಗ್ರಹಗಳನ್ನು ನೋಡಿಕೊಳ್ಳುವುದು ನಮ್ಮ ಪಕ್ಕದ ಹಾಸನದಿಂದಲೇ. ಆ ರಸ್ತೆಯಲ್ಲಿ ಹೋಗುವಾಗ ದೊಡ್ಡ ತಟ್ಟೆಗಳನ್ನು ನೋಡಿದರೆ ನನಗೆ ಹೆಮ್ಮೆ ಅನ್ನಿಸುತ್ತದೆ.

ಅಣ್ಣ, ನಿಮ್ಮ ಹೆಸರಲ್ಲೇ ತೋಟದಮನೆ ಅಂತಿದೆ. ಆಗ್ನೇಯದಲ್ಲಿ ತೆಂಗಿನ ಮರ ಇದೆಯಾ? ತಿರುಗಿಸುವ ಮುಂಚೆ ಅದನ್ನು ನೋಡಬೇಕು. ಗರಿ ಅಡ್ಡ ಬಂದರೆ ಗಾಳಿ ಬೀಸಿದಾಗಲೆಲ್ಲ ಚಿತ್ರ ಚೂರು ಚೂರಾಗುತ್ತದೆ.

ಸಿರಾಗೇಟ್ ಮೇಷ್ಟ್ರು:
ಇನ್ನೊಂದು ಮುಖ್ಯ ವಿಷಯ. ಹೋದ ವರ್ಷ ಕಟ್ಟುವಾಗ ಫೋನಿನಲ್ಲಿ ಆಟೋಪೇ, ಅಂದರೆ ದುಡ್ಡು ತಾನಾಗಿ ಕಟ್ ಆಗುವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರಾ ನೋಡಿಕೊಳ್ಳಿ. ಕೊಟ್ಟಿದ್ದರೆ ನೀವು ಬೇಡ ಅಂದುಕೊಂಡಿದ್ದರೂ ದುಡ್ಡು ಕಟ್ ಆಗಬಹುದು. ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆದರೆ ನೂರು ಮೆಸೇಜ್ ನಡುವೆ ಅದನ್ನು ಯಾರು ನೋಡುತ್ತಾರೆ? ಯುಪಿಐ ಆ್ಯಪ್‌ಗೆ ಹೋಗಿ ನೀವೇ ರದ್ದು ಮಾಡಿ.

ಪ್ಯಾಕ್ ವಿಷಯ. 2019ರ ಫೆಬ್ರವರಿಯಿಂದ ಬೇಕಾದ ಚಾನೆಲ್ ಒಂದೊಂದಾಗಿ ಆರಿಸಿಕೊಳ್ಳಬಹುದು. ಅದರ ಜೊತೆಗೆ, ಚಾನೆಲ್ ಮನೆಗೆ ತಲುಪಿಸುವುದಕ್ಕೆ ತಿಂಗಳಿಗೊಮ್ಮೆ ಕೊಡುವ ನೆಟ್‌ವರ್ಕ್ ಶುಲ್ಕ ಅಂತ ಒಂದಿದೆ. ಮೊದಲು 100 ಚಾನೆಲ್‌ಗೆ 130 ರೂಪಾಯಿ ಮೀರಬಾರದು ಅಂತಿತ್ತು, ಆಮೇಲೆ ಅದೇ 130ಕ್ಕೆ 200 ಚಾನೆಲ್ ಆಯಿತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನೇ ತೆಗೆದುಹಾಕಿತು. ನನಗೆ ಅದು ಸರಿ ಕಾಣಲಿಲ್ಲ. ಹಳ್ಳಿಯಲ್ಲಿ ಒಬ್ಬರೇ ಇರುವವರಿಗೆ 200 ಚಾನೆಲ್ ಬೇಕಿಲ್ಲ, ಐದಾರು ಸಾಕು. ಅಂಥವರಿಗೊಂದು ಕಡಿಮೆ ದರ ಕಡ್ಡಾಯ ಇರಬೇಕಿತ್ತು.

ಮಂಡಿಪೇಟೆ ರೀಚಾರ್ಜ್:
ಮೇಷ್ಟ್ರೇ, ಮಿತಿ ತೆಗೆದ ಮೇಲೆ ಕೆಲವು ಕಡೆ ಸಣ್ಣ ಪ್ಯಾಕ್‌ಗಳೂ ಬಂದಿವೆ. ಗಿರಾಕಿಗೆ ಅದನ್ನು ಯಾರೂ ತೋರಿಸುವುದಿಲ್ಲ, ಅದು ನಿಜ. ದೊಡ್ಡ ಪ್ಯಾಕ್‌ಗೆ ನಮಗೆ ಕಮಿಷನ್ ಜಾಸ್ತಿ. ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ.

ಗುಬ್ಬಿ ತೋಟದಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಊರಿಗೆ ಹೋಗಿದ್ದೆ. ಬಿಲ್ಲು ಸಿಕ್ಕಿತು! ಅಮ್ಮ ಅದನ್ನು ಕರೆಂಟ್ ಬಿಲ್ಲಿನ ಜೊತೆ ಒಂದೇ ಕಂತೆಯಲ್ಲಿ ದಾರ ಕಟ್ಟಿ ಇಟ್ಟಿದ್ದರು. ಬಾಕ್ಸ್ ಮಾರಾಟ ಅಂತ ಸ್ಪಷ್ಟವಾಗಿ ಇದೆ, ಜಿಎಸ್‌ಟಿ ಸಮೇತ. ಬಾಡಿಗೆ ಅನ್ನುವ ಪದವೇ ಇಲ್ಲ. ಅದರ ಫೋಟೋ ಕಳಿಸಿ ಕಸ್ಟಮರ್ ಕೇರ್‌ಗೆ ಬರೆದೆ. ಆಟೋಪೇ ಇತ್ತು, ರದ್ದು ಮಾಡಿದೆ. ಅಕ್ಕ ಹೇಳಿದ ಹಾಗೆ ಆ್ಯಪ್‌ನಲ್ಲಿ ಒಂದು ತಿಂಗಳಿಗೆ ಕರೆನ್ಸಿ ಹಾಕಿದೆ. ಹತ್ತು ನಿಮಿಷದಲ್ಲಿ ಟಿವಿ ಬಂತು. ಅಮ್ಮ ನನ್ನ ಮುಖ ನೋಡಲಿಲ್ಲ, ಸೀದಾ ಹೋಗಿ ಧಾರಾವಾಹಿ ಹಾಕಿಕೊಂಡರು.

ಆದರೆ ಅಂಗಡಿಯವರು ಈಗಲೂ ಬಾಕ್ಸ್ ಕಂಪನಿಯದೇ ಅನ್ನುತ್ತಿದ್ದಾರೆ. ಪಕ್ಕದ ಮನೆಯವರು ಇದೇ ಮಾತು ನಂಬಿ ಡಿಶ್ ಸಮೇತ ವಾಪಸ್ ಕೊಟ್ಟುಬಿಟ್ಟಿದ್ದಾರೆ. ಅದು ನನಗೆ ತುಂಬಾ ಬೇಜಾರಾಯಿತು. ಅವರಿಗೆ ಏನಾದರೂ ದಾರಿ ಇದೆಯಾ?

ಸಿರಾಗೇಟ್ ಮೇಷ್ಟ್ರು:
ಇದೆ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಲಿ. ಅಲ್ಲಿ ಆಗದಿದ್ದರೆ, ಬಗೆಹರಿಯದ ದೂರು ನೋಡುವ ಕಂಪನಿಯ ನೋಡಲ್ ಅಧಿಕಾರಿಗೆ. ಟ್ರಾಯ್‌ಗೆ ಬರೆದರೆ ಒಬ್ಬೊಬ್ಬರ ದೂರನ್ನು ಅವರು ತೀರ್ಮಾನ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಎಲ್ಲಿದ್ದರೂ ಸರಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅವರ ಹತ್ತಿರ ಬಿಲ್ಲು ಇದೆಯಾ?

ಗುಬ್ಬಿ ತೋಟದಮನೆ:
ಇಲ್ಲವಂತೆ ಮೇಷ್ಟ್ರೇ. ಬಾಕ್ಸ್ ಜೊತೆ ಅದನ್ನೂ ಕೊಟ್ಟುಬಿಟ್ಟಿದ್ದಾರೆ.

ಮಂಡಿಪೇಟೆ ರೀಚಾರ್ಜ್:
ಆನ್‌ಲೈನ್‌ನಲ್ಲಿ ಕಟ್ಟಿದ್ದರೆ ಬ್ಯಾಂಕ್ ಲೆಕ್ಕದಲ್ಲಿ ಇರುತ್ತದೆ. ಗ್ರಾಹಕ ಸಂಖ್ಯೆ ಹೇಳಿ ಕಂಪನಿಯಿಂದ ಬಿಲ್ಲಿನ ಪ್ರತಿ ಕೇಳಲಿ. ಬೇಕಾದರೆ ನನ್ನ ಅಂಗಡಿಗೆ ಕಳಿಸಿ, ಅರ್ಜಿ ನಾನು ಬರೆದುಕೊಡುತ್ತೇನೆ. ಮೊದಲು ನಾನು ಬೇರೆ ಥರ ಮಾತಾಡಿದ್ದೆ. ಮಾರಿದ ಸಾಮಾನನ್ನು ಹೀಗೆ ವಾಪಸ್ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ತಿಪಟೂರು ಡಿಶ್ ಕೆಲಸ:
ತೆಂಗಿನ ಮರದ ವಿಷಯ ಹೇಳಲಿಲ್ಲ ಅಣ್ಣ?

ಗುಬ್ಬಿ ತೋಟದಮನೆ:
ಇದೆ, ಸರಿಯಾಗಿ ಆಗ್ನೇಯದಲ್ಲೇ ಎರಡು. ಅಪ್ಪ ನೆಟ್ಟಿದ್ದು. ಮುಂದೆ ಫ್ರೀ ಡಿಶ್ ಹಾಕಿಸಿದರೆ ಮರ ಅಡ್ಡ ಬರಬಹುದು ಅಂತ ಅಮ್ಮನಿಗೆ ಹೇಳಿದೆ. "ಡಿಶ್ ಜಾಗ ಬದಲಾಯಿಸಿಕೊಳ್ಳಿ, ಮರ ಮುಟ್ಟಬೇಡಿ" ಅಂದರು. ದನದ ಕೊಟ್ಟಿಗೆ ಮೇಲೆ ಜಾಗ ಇದೆ. ಒಂದು ದಿನ ಬಂದು ನೋಡುತ್ತೀರಾ?

ತಿಪಟೂರು ಡಿಶ್ ಕೆಲಸ:
ಭಾನುವಾರ ನಿಟ್ಟೂರು ಕಡೆ ಕೆಲಸ ಇದೆ. ಮುಗಿಸಿಕೊಂಡು ಬರುತ್ತೇನೆ. ಇಪ್ಪತ್ತು ಮೀಟರ್ ವೈರು ತಂದಿಟ್ಟಿರಿ.