ಪದ ಬೇಕು (ತುರ್ತು): ಚೀಲದ ಮೇಲೆ ‘ಆಂಟಿಆಕ್ಸಿಡೆಂಟ್’ಗೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ.

ಕೋಳಿ, ಹಂದಿಗಳ ಆಹಾರಕ್ಕೆ ಬೆರೆಸುವ ಪುಡಿಯೊಂದರ ಚೀಲದ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು. ಒಳಗಿರುವುದು ವಿಟಮಿನ್ ಇ ಮತ್ತು ಸೆಲೆನಿಯಂ. ಇದನ್ನು ತಿಂದ ಪ್ರಾಣಿಯ ಮಾಂಸದ ಬಣ್ಣ ಬೇಗ ಮಾಸುವುದಿಲ್ಲ, ಕೊಬ್ಬು ಬೇಗ ಕೆಡುವುದಿಲ್ಲ, ಕತ್ತರಿಸಿಟ್ಟಾಗ ನೀರು ಕಡಿಮೆ ಬಿಡುತ್ತದೆ. ಮೂಲದ ಸಾರ ಇಷ್ಟೇ. ನಾನು ಸಿಕ್ಕಿಕೊಂಡಿರುವುದು ‘ಆಂಟಿಆಕ್ಸಿಡೆಂಟ್ ಫೀಡ್ ಸಪ್ಲಿಮೆಂಟ್’ ಎಂಬಲ್ಲಿ. ಆಂಟಿಆಕ್ಸಿಡೆಂಟ್ ಎಂದರೆ ಆಕ್ಸಿಜನ್ನಿನಿಂದಾಗುವ ಕೆಡುಕನ್ನು (ಆಕ್ಸಿಡೇಶನ್) ತಡೆಯುವಂಥದ್ದು. ಹಿಂದಿನ ಸಲ ಯಾರೋ ‘ಆಮ್ಲನಿರೋಧಕ’ ಎಂದು ಹಾಕಿದ್ದರಂತೆ. ಸಾಕಣೆದಾರರೊಬ್ಬರು ಫೋನ್ ಮಾಡಿ, ‘ನಮ್ಮ ಕೋಳಿಗೆ ಹುಳಿತೇಗು ಇಲ್ಲವಲ್ಲ, ಇದು ಯಾಕೆ?’ ಎಂದು ಕೇಳಿದರಂತೆ.

— ಸು.

ಮರು:
ಉತ್ಕರ್ಷಣ ನಿರೋಧಕ. ಆಕ್ಸಿಡೇಶನ್ನಿಗೆ ಉತ್ಕರ್ಷಣ ಎಂದು ಶಾಲೆಯ ರಸಾಯನಶಾಸ್ತ್ರದಲ್ಲೇ ಇದೆ. ಚರ್ಚೆಗೇನಿದೆ ಇಲ್ಲಿ?

— ವೆಂ.

ಮರು:
ಇದೆ ಸ್ವಾಮಿ. ಉತ್ಕರ್ಷ ಎಂದರೆ ಏಳಿಗೆ. ಮಾಂಸದ ಏಳಿಗೆಗೆ ಅಡ್ಡಗಾಲು ಹಾಕುವ ಪುಡಿಯನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ?

‘ತುಕ್ಕುತಡೆ’ ಎನ್ನಿ. ತಮಾಷೆಗೆ ಹೇಳುತ್ತಿಲ್ಲ. ಮಾಂಸಕ್ಕೆ ಕೆಂಪು ಕೊಡುವ ಮಯೊಗ್ಲೋಬಿನ್ನಿನ ನಡುವೆ ಕೂತಿರುವುದೂ ಕಬ್ಬಿಣವೇ. ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಕೆಂಪು ಹೋಗಿ ಕಂದಾಗುತ್ತದೆ. ತುಕ್ಕಿಗೆ ಇದಕ್ಕಿಂತ ಹತ್ತಿರದ ನಂಟು ಬೇಕೆ? ಅಚ್ಚಗನ್ನಡ, ನಾಲ್ಕು ಅಕ್ಷರ, ಚೀಲದಲ್ಲಿ ಜಾಗವೂ ಉಳಿಯಿತು.

— ಕೆಂ.

ಮರು:
ಚೀಲದ ಮೇಲೆ ತುಕ್ಕು ಎಂದಿದ್ದರೆ ಒಳಗೆ ಮೊಳೆ ಇದೆ ಅಂದುಕೊಳ್ಳುತ್ತಾರೆ.

ಉತ್ಕರ್ಷಣ, ಅದಕ್ಕೆ ಎದುರಾದ ಅಪಕರ್ಷಣ (ರಿಡಕ್ಷನ್) ಎರಡೂ ‘ಕೃಷ್’ ಧಾತುವಿನವು. ಒಂದನ್ನು ಕಿತ್ತು ತುಕ್ಕು ಹಚ್ಚಿದರೆ ಇನ್ನೊಂದಕ್ಕೆ ಏನು ಹಚ್ಚುತ್ತೀರಿ?

— ವೆಂ.

ಮರು:
ಆಹಾರ ತಯಾರಿಕೆಯಲ್ಲಿ ಹಲವು ವರ್ಷ ಕೆಲಸ ಮಾಡಿದವಳು ನಾನು. ಇಬ್ಬರೂ ಒಂದು ಕ್ಷಣ ಸುಮ್ಮನಿರಿ.

ಆಂಟಿಆಕ್ಸಿಡೆಂಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಬಿಎಚ್‌ಟಿ ಎಂಬ ಕೃತಕ ರಾಸಾಯನಿಕದಂಥದ್ದನ್ನು ಹಾಕುವುದು ಚೀಲದೊಳಗಿನ ಆಹಾರದ ಕೊಬ್ಬು ಕೆಡದಿರಲೆಂದು. ವಿಟಮಿನ್ ಇ ತಿನ್ನಿಸುವುದು ಅದು ಪ್ರಾಣಿಯ ಜೀವಕೋಶದ ಪೊರೆಯಲ್ಲಿ ಸೇರಿಕೊಂಡು, ಕೊಯ್ದ ಮೇಲೂ ಅಲ್ಲೇ ಇದ್ದು ಕಾಯಲೆಂದು. ಸಾಮಾನ್ಯವಾಗಿ ಪುಡಿಯಲ್ಲಿರುವುದು ವಿಟಮಿನ್ ಇಗೆ ಅಸಿಟೇಟ್ ಎಂಬ ಗುಂಪು ಅಂಟಿಸಿದ ರೂಪ. ಚೀಲದಲ್ಲಿರುವಾಗ ಅದಕ್ಕೆ ಆ ಗುಣವೇ ಇಲ್ಲ. ಕರುಳಿನಲ್ಲಿ ಅಸಿಟೇಟ್ ಕಳಚಿದ ಮೇಲಷ್ಟೇ ಕೆಲಸ ಶುರು. ಸೆಲೆನಿಯಮ್ಮಂತೂ ತಾನಾಗಿ ಏನನ್ನೂ ತಡೆಯುವುದಿಲ್ಲ. ತಡೆಯುವ ಕಿಣ್ವವೊಂದಕ್ಕೆ ಅದು ಬೇಕು, ಅಷ್ಟೆ. ಹಾಗಾಗಿ ಪುಡಿಗೇ ‘ತಡೆ’ ಎಂದು ಹೆಸರಿಡುವುದಕ್ಕಿಂತ ತಿಂದ ಮೇಲೆ ಏನಾಗುತ್ತದೆ ಎಂದು ಬರೆಯುವುದು ಸರಿ.

ಇನ್ನೊಂದು ಮಾತು. ‘ಕೊಬ್ಬು ಕೆಡುವುದಿಲ್ಲ’ ಅಂತ ಮಾತ್ರ ದಯವಿಟ್ಟು ಹಾಕಬೇಡಿ. ಬ್ಯಾಕ್ಟೀರಿಯಾದಿಂದಲೂ ಮಾಂಸ ಕೆಡುತ್ತದೆ, ಅದಕ್ಕೆ ಈ ಪುಡಿ ಮದ್ದಲ್ಲ. ನಮ್ಮಲ್ಲಿ ಅನ್ನಕ್ಕೆ ಹಳಸುವುದು, ಹಣ್ಣಿಗೆ ಕೊಳೆಯುವುದು, ಕಾಳಿಗೆ ಮುಗ್ಗುವುದು, ಎಣ್ಣೆಗೆ ಕಮಟು. ನಿಮಗೆ ಬೇಕಾದದ್ದು ಈ ಕೊನೆಯದು. ಕೋಳಿಯ ಎದೆಗಿಂತ ತೊಡೆಗೆ ಕಮಟು ಬೇಗ, ಅಲ್ಲಿ ಕೊಬ್ಬು ಹೆಚ್ಚು. ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿದ ತೊಡೆಯನ್ನು ಮೂಸಿ ನೋಡಿ. ಪದವೂ ಸಿಗುತ್ತದೆ, ಅರ್ಥವೂ ಸಿಗುತ್ತದೆ.

— ಶಾ.

ಮರು:
ಕಮಟು! ಅಕ್ಕ, ಕೈಮುಗಿದೆ. ಕಂಪು, ಕಮರು, ಕಮಟು ಮೂರಕ್ಕೂ ಬೇರು ಒಂದೇ ಎಂದು ನಾನು ಎಷ್ಟು ದಿನದಿಂದ ಬಡಕೊಳ್ಳುತ್ತಿದ್ದೇನೆ. ಹಾಗಾದರೆ ‘ಕಮಟುತಡೆ’. ತುಕ್ಕು ವಾಪಸ್.

— ಕೆಂ.

ಮರು:
ಮೊದಲಕ್ಷರ ಹೊಂದಿದರೆ ಬೇರು ಒಂದಾಗಿಬಿಡುವುದಿಲ್ಲ. ಕಂಬವನ್ನೂ ಸೇರಿಸಿ.

— ವೆಂ.

ಮರು:
ಇಷ್ಟೆಲ್ಲ ಯಾಕೆ? ಆಂಟಿಆಕ್ಸಿಡೆಂಟ್ ಎಂದೇ ಕನ್ನಡದಲ್ಲಿ ಬರೆದರೆ ಆಯಿತು. ಕೊಳ್ಳುವವರು ಅಂಗಡಿಯಲ್ಲಿ ಕೇಳುವುದೂ ಅದನ್ನೇ.

— ನಾ.

ಮರು:
ಅಂಗಡಿಯವರು ಹೇಳಿದ್ದೇ ನುಡಿಯಾದರೆ ಈ ಬಳಗ ಮುಚ್ಚೋಣ. ವಿಟಮಿನ್ನಿಗೂ ಕನ್ನಡ ಇಲ್ಲ, ಆಕ್ಸಿಜನ್ನಿಗೂ ಇಲ್ಲ, ಎಲ್ಲವೂ ಎರವಲು.

— ಕೆಂ.

ಮರು:
ಆಕ್ಸಿಜನ್ನಿಗೆ ‘ಆಮ್ಲಜನಕ’ ಇದೆಯಲ್ಲ, ನೋಡಿ ಅದರ ಅವಸ್ಥೆ. ಆಮ್ಲಗಳಿಗೆಲ್ಲ ಅದೇ ಮೂಲ ಎಂದು ನಂಬಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವೋಸಿಯೇ ಗ್ರೀಕಿನಲ್ಲಿ ಹೆಸರಿಟ್ಟ. ನಂಬಿಕೆ ತಪ್ಪಾಯಿತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ. ನಾವು ಆ ತಪ್ಪನ್ನೂ ಬಿಡದೆ ಅನುವಾದಿಸಿಕೊಂಡೆವು. ಸು. ಅವರ ಹುಳಿತೇಗಿನ ಕೋಳಿ ಹುಟ್ಟಿದ್ದೂ ಅಲ್ಲೇ. ಎರವಲು ಪದಕ್ಕೆ ಕನಿಷ್ಠ ಸುಳ್ಳು ಅರ್ಥ ಅಂಟಿಕೊಂಡಿರುವುದಿಲ್ಲ.

ಅಷ್ಟು ಹಟವಿದ್ದರೆ ವಿಟಮಿನ್ ಇಯ ರಾಸಾಯನಿಕ ಹೆಸರಾದ ಟೊಕೊಫೆರಾಲ್‌ಗೆ ಕನ್ನಡ ಮಾಡಿ. ಗ್ರೀಕಿನಲ್ಲಿ ಟೋಕೋಸ್ ಎಂದರೆ ಹೆರಿಗೆ. 1922ರಲ್ಲಿ ವಿಟಮಿನ್ ಇ ಗೊತ್ತಾದದ್ದೇ ಅದಿಲ್ಲದ ಹೆಣ್ಣಿಲಿಗಳ ಗರ್ಭ ನಿಲ್ಲದಿದ್ದುದರಿಂದ. ಮಾಂಸದ ಪುಡಿಯ ಮೇಲೆ ‘ಹೆರಿಗೆದಾಯಿ’ ಎಂದು ಅಚ್ಚು ಹಾಕಿಸೋಣವೆ?

— ನಾ.

ಮರು:
ವ್ಯಂಗ್ಯ ವಾದವಲ್ಲ.

— ಕೆಂ.

ಮರು:
ಎಲ್ಲರಿಗೂ ಧನ್ಯವಾದ, ಅಚ್ಚಿನವರು ಎರಡು ಸಲ ಫೋನ್ ಮಾಡಿದರು. ಕಳಿಸಿದ್ದು ಹೀಗೆ. ಮೇಲೆ ದಪ್ಪಕ್ಷರದಲ್ಲಿ ‘ಆಂಟಿಆಕ್ಸಿಡೆಂಟ್ ಪೂರಕ’. ಅದರ ಕೆಳಗೆ: ‘ಆಹಾರದಲ್ಲಿ ಬೆರೆಸಿ ತಿನ್ನಿಸಿ. ಮಾಂಸದ ಬಣ್ಣ ಬೇಗ ಕಂದದಂತೆ, ಕೊಬ್ಬು ಬೇಗ ಕಮಟು ಹಿಡಿಯದಂತೆ, ಕತ್ತರಿಸಿಟ್ಟ ಮಾಂಸ ಹೆಚ್ಚು ನೀರು ಬಿಡದಂತೆ ನೆರವಾಗುತ್ತದೆ.’

‘ಮೇವು’ ಎಂದು ಹಾಕಲಿಲ್ಲ, ಹುಲ್ಲು ಎಂದುಕೊಂಡಾರು ಎಂಬ ಭಯ. ‘ಕಂದು’ ಬಣ್ಣದ ಹೆಸರೂ ಹೌದು, ಮಾಸುವುದೂ ಹೌದು. ಅದು ಇಲ್ಲಿ ತಾನಾಗಿ ಒದಗಿ ಬಂತು.

— ಸು.

ಮರು:
ಕೋಳಿಯೂ ಮೇಯುತ್ತದೆ. ‘ಮೇವು’ ತಪ್ಪಾಗುತ್ತಿರಲಿಲ್ಲ.

— ಕೆಂ.

ಮರು:
ಪೂರಕ ಸಂಸ್ಕೃತ. ಗಮನಿಸಿದಿರಾ?

— ವೆಂ.