ಶಕುಂತಲಾ ದೇವಿಯವರ ಆ 26 ಅಂಕಿ ಉತ್ತರ ಕೈಲಿ ಚೆಕ್ ಮಾಡೋದ್ ಹೇಗೆ?

ರಾಗಿಮುದ್ದೆ_82:
ಎಲ್ರಿಗೂ ನಮಸ್ಕಾರ. ನಮ್ ಬೆಂಗ್ಳೂರಿನ ಶಕುಂತಲಾ ದೇವಿ 1980ರ ಜೂನ್ 18ಕ್ಕೆ ಲಂಡನ್ ಇಂಪೀರಿಯಲ್ ಕಾಲೇಜಲ್ಲಿ 7686369774870 ಮತ್ತೆ 2465099745779 ಎರಡನ್ನೂ 28 ಸೆಕೆಂಡಲ್ಲಿ ಬಾಯಿಲೆಕ್ಕದಲ್ಲೇ ಗುಣಿಸಿದ್ರಲ್ಲ, ಆ ಉತ್ತರಾನ ಮಗಳ ನೋಟ್‌ಬುಕ್ಕಲ್ಲಿ ಬರ್ಕೊಟ್ಟಿದ್ದೆ: 18947668177995426642773730. ಇವತ್ತು ಇದು ಸರೀನಾ ಅಪ್ಪಾ ಅಂತ ಕೂತ್ಬಿಟ್ಲು, ಮೊಬೈಲ್ ಕ್ಯಾಲ್ಕುಲೇಟರ್ 1.8947 ಇ25 ಅಂತೇನೋ ತೋರ್ಸಿ ಸುಮ್ನಾಯ್ತು. ಪೂರ್ತಿ ಗುಣಾಕಾರ ಮಾಡೋ ತಾಳ್ಮೆ ನನಗಿಲ್ಲ, ಬೇರೆ ದಾರಿ ಇದ್ರೆ ಹೇಳಿ

ಹಳೇಮೇಷ್ಟ್ರು:
ಒಂಬತ್ತರ ತಾಳೆ ನೋಡಿ. ಬಿಡಿ ಅಂಕಿ ಎಲ್ಲಾ ಕೂಡಿ 9ರಿಂದ ಭಾಗಿಸಿ ಶೇಷ ತಗೊಳ್ಳಿ. ಮೊದಲನೇದು 78, ಶೇಷ 6. ಎರಡನೇದು 74, ಶೇಷ 2. ಆರೆರಡ್ಲಿ ಹನ್ನೆರಡು, ಶೇಷ 3. ನಿಮ್ಮ ಉತ್ತರದ್ದು 138, ಅದಕ್ಕೂ ಶೇಷ 3. ಸರಿಯಿದೆ.

ತಲೆಹರಟೆ_ಮೈಸೂರು:
ಮೇಷ್ಟ್ರೇ ಒಂದ್ನಿಮಿಷ, ಅಂಕಿ ಅದಲುಬದಲಾದ್ರೂ ಮೊತ್ತ ಅಷ್ಟೇ ಇರುತ್ತಲ್ಲ, 9ಕ್ಕೆ ಅದು ಗೊತ್ತೇ ಆಗಲ್ಲ. ನಾನು 11 ಹಾಕ್ದೆ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿ, ಬಿಟ್ಟಿದ್ದನ್ನ ಬೇರೆ ಕೂಡಿ, ಒಂದರಿಂದ ಒಂದು ಕಳೀರಿ. 2465099745779ಕ್ಕೆ 37, 37 ಬಂತು, ಕಳೆದ್ರೆ ಸೊನ್ನೆ, ಅಂದ್ರೆ 11ರಿಂದ ಭಾಗ ಹೋಗುತ್ತೆ, 11 × 224099976889. ಅಂದ್ಮೇಲೆ ಉತ್ತರಾನೂ ಹೋಗ್ಲೇಬೇಕು ತಾನೆ? ನಿಮ್ದಕ್ಕೆ 71, 67 ಬರ್ತಿದೆ, 4 ಉಳೀತು. ಬರ್ಕೊಳ್ಳೋವಾಗ್ಲೇ ಎಡವಟ್ಟಾಗಿದೆ ಅನ್ಸುತ್ತೆ. ಪಕ್ಕಪಕ್ಕದ ಅಂಕಿ ತಿರುವುಮುರುವಾದ್ರೆ ಅವೆರಡರ ಅಂತರದ ಎರಡರಷ್ಟು ಏರುಪೇರಾಗುತ್ತೆ, ಸೋ ಅಂತರ 2 ಇರೋ ಜೋಡಿ ಹುಡುಕಿ, ನಾಲ್ಕೈದೇ ಇರೋದು

ರಾಗಿಮುದ್ದೆ_82:
ಅಯ್ಯೋ ಸಿಕ್ತು ಗುರೂ!! 46 ಇರೋ ಕಡೆ 64 ಬರ್ದಿದೀನಿ. ಸರಿಯಾದ್ದು 1,89,47,66,81,77,99,54,26,46,27,73,730. ಈಗ 69, 69 😅 ಮಗಳು ಬಿದ್ದುಬಿದ್ದು ನಗ್ತಿದ್ದಾಳೆ. ಆ ಕಾಲೇಜಿನವ್ರು ಬೇಕಂತ್ಲೇ 11ರಿಂದ ಹೋಗೋ ಸಂಖ್ಯೆ ಕೊಟ್ಟಿದ್ರಾ?

ಹಳೇಮೇಷ್ಟ್ರು:
ಇಲ್ಲಪ್ಪ, ಅಲ್ಲಿನ ಕಂಪ್ಯೂಟಿಂಗ್ ವಿಭಾಗದವರು ಯಾದೃಚ್ಛಿಕವಾಗಿ ಆರಿಸಿದ್ದು, 11 ಕಾಕತಾಳೀಯ. ಮೂವತ್ತು ವರ್ಷ ಒಂಬತ್ತರ ತಾಳೆ ಹೇಳ್ಕೊಟ್ಟು ಇವತ್ತು ಏಮಾರಿದೆ, ಇರಲಿ. ಮಗೂಗೆ ಇನ್ನೊಂದು ತೋರ್ಸಿ: ಇದು 2, 3, 5, 11 ನಾಲ್ಕರಿಂದಲೂ ಹೋಗುತ್ತೆ, ಆದ್ರೆ ಒಂದೊಂದೇ ಸಲ. ಕೊನೇಲಿ 30 ಇರೋದ್ರಿಂದ 4ರಿಂದ ಹೋಗಲ್ಲ, ಹಾಗಾಗಿ ಇದು ವರ್ಗಸಂಖ್ಯೆ ಅಲ್ಲ, ಎರಡು ವರ್ಗಗಳ ವ್ಯತ್ಯಾಸವಾಗಿಯೂ ಬರೆಯೋಕಾಗಲ್ಲ.

ತಲೆಹರಟೆ_ಮೈಸೂರು:
7, 13 ಕೂಡ ನೋಡ್ಬಿಟ್ಟೆ. 7 × 11 × 13 = 1001 ಅಲ್ವಾ, ಅದಕ್ಕೆ ಬಲದಿಂದ ಮೂರ್ಮೂರಂಕಿ ಗುಂಪು ಮಾಡಿ ಒಂದು ಕೂಡಿ ಒಂದು ಕಳೀತಾ ಹೋದ್ರೆ ಮೂರನ್ನೂ ಒಟ್ಟಿಗೆ ನೋಡ್ಬೋದು. 730 − 773 + 462 − 426 + 995 − 177 + 668 − 947 + 18, ಒಟ್ಟು 550. 7ಕ್ಕೂ 13ಕ್ಕೂ 4 ಉಳಿಯುತ್ತೆ, 11ಕ್ಕೆ ಮಾತ್ರ ಸರಿಯಾಗಿ 50 ಸಲ