ಆಕ್ಸಿಮೀಟರ್ ಕಪ್ಪು ಮೈಬಣ್ಣದವರಿಗೆ ತಪ್ಪು ತೋರಿಸುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. 2021ರಲ್ಲಿ ನಮ್ಮಪ್ಪನಿಗೆ ಕೋವಿಡ್ ಬಂದಿತ್ತು. ಆಕ್ಸಿಮೀಟರ್ 95 ತೋರಿಸುತ್ತಿತ್ತು, ಮನೆಯಲ್ಲೇ ಇರಿ ಅಂದರು. ಮೂರನೇ ದಿನ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರೆ ಆಕ್ಸಿಜನ್ ತುಂಬಾ ಇಳಿದಿತ್ತು. ಹೇಗೋ ಉಳಿದರು. ಅಮೆರಿಕದಲ್ಲಿ ಈ ಮೆಷಿನ್ ಕಪ್ಪು ಜನಾಂಗದವರಿಗೆ ತಪ್ಪು ತೋರಿಸಿತ್ತು ಅಂತ ಈಗ ಓದಿದೆ. ನಿಜಾನಾ? ಅಪ್ಪನೂ ಎಣ್ಣೆಗಪ್ಪು.

ಉತ್ತರ (ಶ್ವಾಸಕೋಶ ತಜ್ಞೆ, ಅಮೆರಿಕ): ನಿಜ. ಬೆರಳಿಗೆ ಸಿಕ್ಕಿಸುವ ಆ ಕ್ಲಿಪ್ಪಿನಿಂದ ಕೆಂಪು ಬೆಳಕು, ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೆರಳಿನೊಳಗೆ ಹಾಯುತ್ತದೆ. ರಕ್ತ ಯಾವುದನ್ನು ಎಷ್ಟು ಹೀರಿತು ಅನ್ನುವುದರ ಮೇಲೆ ಆಕ್ಸಿಜನ್ ಲೆಕ್ಕ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ ನೋಡಿ. ಹಾಗಾಗಿ ಕಪ್ಪು ಚರ್ಮದವರಲ್ಲಿ ಕೆಲವು ಸಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

2020ರ ಡಿಸೆಂಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಇದರ ಅಂಕಿ ಪ್ರಕಟಿಸಿದರು. ಮೆಷಿನ್ 92ರಿಂದ 96 ತೋರಿಸುತ್ತಿದ್ದಾಗಲೇ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ಜನಾಂಗದವರಲ್ಲಿ ಶೇ. 11.7. ಹೆಚ್ಚುಕಮ್ಮಿ ಮೂರು ಪಟ್ಟು.

ನಾನೇ ಕಂಡದ್ದು ಹೇಳುತ್ತೇನೆ. ಒಬ್ಬ ಬಸ್ ಡ್ರೈವರ್, ಕಪ್ಪು ಜನಾಂಗದವರು. ಮಂಚದ ಅಂಚಿಗೆ ಎರಡೂ ಕೈ ಊರಿ ಕೂತಿದ್ದರು. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕು. ಬೆರಳ ತುದಿಯಲ್ಲಿ 95. ಮಣಿಕಟ್ಟಿನ ರಕ್ತ ತೆಗೆದರೆ 86! ಅದಕ್ಕೂ ಹಿಂದಿನ ದಿನ ಇನ್ನೊಂದು ಕಡೆ '95 ಇದೆ, ಮನೆಗೆ ಹೋಗಿ' ಅಂದಿದ್ದರಂತೆ. ಎಲ್ಲರಿಗೂ ಒಂದೇ ಗೆರೆ ಎಳೆದಿದ್ದೆವು, 94. ನೋಡಲು ಸಮಾನ ನ್ಯಾಯವೇ. ಅಳೆಯುವ ಯಂತ್ರವೇ ಸಮ ಇರಲಿಲ್ಲ. ಕಪ್ಪು ಮತ್ತು ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ರೋಗಿಗಳಿಗೆ ಚಿಕಿತ್ಸೆ ಬೇಕು ಅನ್ನುವುದು ಗೊತ್ತಾಗುವುದೇ ತಡವಾಯಿತು ಅಂತ 2022ರ ಅಧ್ಯಯನವೂ ಹೇಳಿತು. ಅದರಲ್ಲಿ ಏಷ್ಯಾದವರಿಗೂ ಮೆಷಿನ್ ಜಾಸ್ತಿಯೇ ತೋರಿಸಿತ್ತು.

ನಿಮ್ಮಪ್ಪನಿಗೆ ಆದದ್ದು ಇದೇ ಅಂತ ನಾನು ಹೇಳಲಾರೆ. ಕೋವಿಡ್‌ನಲ್ಲಿ ಮೂರು ದಿನದಲ್ಲಿ ಆಕ್ಸಿಜನ್ ನಿಜವಾಗಿಯೂ ಕುಸಿಯುತ್ತಿತ್ತು.

ಮರುಪ್ರಶ್ನೆ: ಇದು ಮೊದಲು ಯಾರಿಗೂ ಗೊತ್ತಿರಲಿಲ್ವಾ?

ಉತ್ತರ: ಗೊತ್ತಿತ್ತು, ಅದೇ ಸಂಕಟ. 1990ರಲ್ಲೇ ವೈದ್ಯರು ಬರೆದಿದ್ದರು. ಆದರೂ ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎಯ 2013ರ ಮಾರ್ಗಸೂಚಿ ನೋಡಿ: ಮೆಷಿನ್ ಪರೀಕ್ಷೆಗೆ ಗಾಢ ಬಣ್ಣದ ಚರ್ಮದವರು ಕನಿಷ್ಠ ಇಬ್ಬರು ಅಥವಾ ಶೇ. 15, ಯಾವುದು ಜಾಸ್ತಿಯೋ ಅದು. ಇಬ್ಬರು! ಎಲ್ಲ ಬಣ್ಣದ ಚರ್ಮದವರೂ ಸೇರಿ 150ಕ್ಕಿಂತ ಕಡಿಮೆ ಇರಬಾರದು ಅನ್ನುವ ಕರಡು ಬರಲು 2025ರ ಜನವರಿ ಆಯಿತು. ಅಷ್ಟರಲ್ಲಿ ಒಂದು ಮಹಾಮಾರಿಯೇ ಮುಗಿದುಹೋಗಿತ್ತು.

ಇನ್ನೊಬ್ಬರು: ಮನೆಯಲ್ಲಿ ಒಂದಿದೆ ಮೇಡಂ, ಬಿಸಾಕಬೇಕಾ?

ಉತ್ತರ: ಬೇಡ, ಇರಲಿ. ಆರೋಗ್ಯವಾಗಿದ್ದಾಗ ಎಷ್ಟು ತೋರಿಸುತ್ತೆ ಅಂತ ಈಗಲೇ ಬರೆದಿಡಿ. ನೈಲ್ ಪಾಲಿಶ್ ತೆಗೆಯಿರಿ, ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ, ಅಂಕಿ ನಿಲ್ಲುವ ತನಕ ಅಲ್ಲಾಡಿಸಬೇಡಿ. 98 ಇರುತ್ತಿದ್ದವರಿಗೆ 94 ಬಂದರೆ ಡಾಕ್ಟರಿಗೆ ಫೋನ್ ಮಾಡಿ. ಏದುಸಿರು ಬಂದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ ಮೆಷಿನ್ 96 ಅಂದರೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.